ಬನ್ಯನ್ ಬರೆದ ಮೊದಲ ಪುಸ್ತಕವೇ ಕ್ವೇಕರ್‌ಗಳ ವಿರುದ್ಧವಂತೆ, ಶಾಂತಿಯ ಜನರ ಜೊತೆ ಇಷ್ಟು ಜಗಳ ಯಾಕೆ?

ನೇತ್ರಾವತಿ_ದಂಡೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮಂಗಳೂರಿನ ಹತ್ರ ನಮ್ಮ ಅಜ್ಜಿ ಮನೆಯಲ್ಲಿ ಒಂದು ಹಳೇ ಮರದ ಪೆಟ್ಟಿಗೆ ಇತ್ತು, ಅದರಲ್ಲಿ ಬೈಬಲ್, ಗೀತೆಗಳ ಪುಸ್ತಕ, ಜೊತೆಗೆ ರಟ್ಟು ಕಿತ್ತುಹೋದ 'ಯಾತ್ರಿಕನ ಸಂಚಾರ'. ಜಾನ್ ಬನ್ಯನ್‌ನ ಪುಸ್ತಕ, ಬಾಸೆಲ್ ಮಿಶನ್‌ನವರ ಕಾಲದಲ್ಲಿ ಕನ್ನಡಕ್ಕೆ ಬಂದದ್ದು. ರಾತ್ರಿ ಊಟ ಆದ್ಮೇಲೆ ಅಜ್ಜಿ ನನ್ನ ಕೈಲಿ ಅದನ್ನ ಜೋರಾಗಿ ಓದಿಸ್ತಿದ್ರು, ಬೆನ್ನ ಮೇಲೆ ಹೊರೆ ಹೊತ್ಕೊಂಡು ಊರು ಬಿಟ್ಟು ಹೋಗೋ ಆ ಮನುಷ್ಯನ ಕತೆ ಬಂದಾಗೆಲ್ಲ ಅವರ ಕಣ್ಣಲ್ಲಿ ನೀರು ಬರ್ತಿತ್ತು. ಹಾಗಾಗಿ ಬನ್ಯನ್ ಅಂದ್ರೆ ನನಗೆ ಸಾಧು ಮನುಷ್ಯ ಅಂತಲೇ ಮನಸ್ಸಲ್ಲಿ ಕೂತಿದೆ.

ಈಗ ಎಂಎ ಇತಿಹಾಸದಲ್ಲಿ 17ನೇ ಶತಮಾನದ ಇಂಗ್ಲೆಂಡ್ ಬಂದಿದೆ, ಅದರಲ್ಲಿ ನೋಡ್ತೇನೆ, ಬನ್ಯನ್ ಅಚ್ಚು ಹಾಕಿಸಿದ ಮೊಟ್ಟಮೊದಲ ಪುಸ್ತಕ 1656ರದ್ದು, ಅದು ಪೂರ್ತಿ ಕ್ವೇಕರ್‌ಗಳ ವಿರುದ್ಧವೇ. ಆ ಕಡೆಯಿಂದ ಒಬ್ಬ ಉತ್ತರ ಬರೀತಾನೆ, ಇವನು ಅದಕ್ಕೆ ಮರುತ್ತರ, ಅವನು ಅದಕ್ಕೆ ಮತ್ತೊಂದು. ಕ್ವೇಕರ್ ಅಂದ್ರೆ ನಾನು ತಿಳ್ಕೊಂಡದ್ದು ಯುದ್ಧ ಬೇಡ ಅನ್ನೋರು, ಪಾದ್ರಿ ಇಲ್ಲದೆ ಸುಮ್ಮನೆ ಮೌನವಾಗಿ ಕೂತು ಆರಾಧನೆ ಮಾಡೋರು, ಗುಲಾಮಗಿರಿ ವಿರೋಧಿಸಿದೋರು. ಅಂಥವರ ಮೇಲೆ ಯಾಕೆ ಇಷ್ಟು ಸಿಟ್ಟು, ಅವರೂ ಯಾಕೆ ಅಷ್ಟೇ ಗಟ್ಟಿಯಾಗಿ ತಿರುಗಿ ಬರೆದ್ರು? ನಿಜವಾದ ವಿಷಯ ಏನು ಅಂತ ಯಾರಾದ್ರೂ ಬಿಡಿಸಿ ಹೇಳಿದ್ರೆ ಉಪಕಾರ. ಪರೀಕ್ಷೆಗಲ್ಲ, ನನಗೇ ಬೇಕು.

ಮಾಳಮಡ್ಡಿ_ಮಾಸ್ತರ ಉತ್ತರ:

ತಂಗಿ, ಛಲೋ ಪ್ರಶ್ನೆ ಕೇಳೀರಿ. ನಾ ಮೂವತ್ತು ವರ್ಷ ಈ ಕಾಲಘಟ್ಟಾನ ಪಾಠ ಮಾಡೇನಿ, ಇನ್ನೂ ನನಗ ಇದರ ಹುಚ್ಚು ಬಿಟ್ಟಿಲ್ಲ, ಅದಕ್ಕ ಸ್ವಲ್ಪ ಉದ್ದ ಆಗ್ತದ, ಸಮಾಧಾನಲೆ ಓದ್ರಿ.

ಮೊದ್ಲ ಒಂದು ಮಾತು. ನೀವು ಹೇಳಿದ ಮೌನದ ಶಾಂತ ಕ್ವೇಕರ್ ಅದಾರಲ್ಲ, ಅವರು ಆಮ್ಯಾಲಿನವರು. 1650ರ ದಶಕದ ಕ್ವೇಕರ್ ಅಂದ್ರ ಚರ್ಚಿನೊಳಗ ಉಪದೇಶ ನಡದಾಗ ಎದ್ದು ನಿಂತು ಪಾದ್ರಿಗೆ 'ನೀ ಪಗಾರಕ್ಕ ದೇವರ ಮಾತು ಮಾರತಿ' ಅನ್ನವರು. ಚರ್ಚಿಗೆ ಅವರು ಚರ್ಚು ಅಂತಿರಲಿಲ್ಲ, ಗೋಪುರದ ಮನಿ ಅಂತಿದ್ರು, ಯಾಕಂದ್ರ ಕಲ್ಲು ಮಣ್ಣಿನ ಕಟ್ಟಡಕ್ಕ ಸಭೆ ಅನ್ನೂದು ತಪ್ಪು, ಸಭೆ ಅಂದ್ರ ಮಂದಿ. ದಶಮಾಂಶ ಅಂತ ಬೆಳಿಯೊಳಗ ಹತ್ತರಾಗ ಒಂದು ಪಾಲು ಚರ್ಚಿಗೆ ಕೊಡಬೇಕಿತ್ತು, ಇವರು ಕೊಡಂಗಿಲ್ಲ ಅಂದ್ರು. ಕೋರ್ಟಿನ್ಯಾಗ ಪ್ರಮಾಣ ಮಾಡಂಗಿಲ್ಲ ಅಂದ್ರು, ಆಣಿ ಇಡಬ್ಯಾಡ್ರಿ ಅಂತ ಮತ್ತಾಯನ ಸುವಾರ್ತೆಯೊಳಗ ಯೇಸು ಹೇಳ್ಯಾನ ಅಂತ. ಇಷ್ಟು ಸಾಕಲ್ಲ, ಊರ ಧಣಿಗೂ ಪಾದ್ರಿಗೂ ನ್ಯಾಯಾಧೀಶಗೂ ಒಮ್ಮಿಗೇ ಸಿಟ್ಟು ಬರಾಕ.

ಇವರ ಮುಂದಾಳು ಜಾರ್ಜ್ ಫಾಕ್ಸ್, 1624ರಾಗ ಲೆಸ್ಟರ್‌ಶೈರಿನ ಹಳ್ಳಿಯೊಳಗ ಹುಟ್ಟಿದಂವ, ನೇಕಾರನ ಮಗ, ಬೂಟು ಹೊಲಿಯೋ ಕೆಲಸ ಕಲತಂವ. ಪಾದ್ರಿ ಪಾದ್ರಿ ಕಡೆ ಅಡ್ಡಾಡಿ ಮನಸ್ಸಿಗೆ ಸಮಾಧಾನ ಸಿಗಲಾರದ, ಕಡೀಕ ತನ್ನ ಒಳಗ ಕ್ರಿಸ್ತನ ಧ್ವನಿ ಕೇಳ್ತು ಅಂತ ಹೊಂಟಂವ. 1650ರಾಗ ಡಾರ್ಬಿಯೊಳಗ ವಿಚಾರಣಾ ನಡದಾಗ, ದೇವರ ವಾಕ್ಯಕ್ಕ ನಡುಗ್ರಿ ಅಂದಿದ್ದಕ್ಕ ಅಲ್ಲಿನ ನ್ಯಾಯಾಧೀಶ ನೀವು ನಡುಗವರು ಅಂತ ಹಂಗಿಸಿದ, ಅದ ಕ್ವೇಕರ್ ಅನ್ನೋ ಹೆಸರಾತು. ಬೈಗುಳದ ಹೆಸರು ಅದು. 1652ರ ಬ್ಯಾಸಿಗ್ಯಾಗ ಫಾಕ್ಸ್ ಉತ್ತರದ ಗುಡ್ಡಗಾಡಿಗೆ ಹೋದ, ಅಲ್ಲಿ ಪೆಂಡಲ್ ಗುಡ್ಡ, ಫರ್ಬ್ಯಾಂಕ್ ಫೆಲ್ ಬಯಲು, ಸ್ವಾರ್ತ್‌ಮೂರ್ ಮನಿ, ಈ ಮೂರು ಹೆಸರು ನೆನಪಿಡ್ರಿ. ಬಯಲಾಗ ಬಂಡಿಗಲ್ಲಿನ ಮ್ಯಾಲ ಕುಂತು ಮಾತಾಡಿದ್ರ ಸಾವಿರ ಮಂದಿ ಕೇಳಿದ್ರು, ಅಲ್ಲಿಂದ ಹೊಂಟ ಹುಡುಗರು ಎರಡು ಮೂರು ವರ್ಷದಾಗ ಇಡೀ ಇಂಗ್ಲೆಂಡ್ ತುಂಬ ಹಬ್ಬಿದ್ರು.

ಇನ್ನ ಅಚ್ಚಿನ ಮಾತು. ಅದಕ್ಕೂ ಮೊದ್ಲ ಪರವಾನಗಿ ಇಲ್ಲದ ಏನೂ ಛಾಪಿಸೂ ಹಂಗಿರಲಿಲ್ಲ. 1641ರಾಗ ಸ್ಟಾರ್ ಚೇಂಬರ್ ಅನ್ನೋ ಕೋರ್ಟು ರದ್ದಾತು, ಮುಂದಿನ ವರ್ಷ ರಾಜಗೂ ಪಾರ್ಲಿಮೆಂಟಿಗೂ ಲಡಾಯಿ ಹತ್ತಿತು, ಹಿಡಿಯವರು ಯಾರೂ ಇಲ್ಲಂಗಾತು. ಲಂಡನ್ನಿನ ಜಾರ್ಜ್ ಥಾಮಸನ್ ಅನ್ನೋ ಪುಸ್ತಕದ ವ್ಯಾಪಾರಿ 1640ರಿಂದ 1661ರ ತನಕ ಕೈಗೆ ಸಿಕ್ಕ ಕರಪತ್ರ ಎಲ್ಲಾ ಕೂಡಿಸಿಟ್ಟ, ಸುಮಾರು 22 ಸಾವಿರ! ಭಾಳಷ್ಟರ ಮ್ಯಾಲ ತನ್ನ ಕೈಲೆ ತಾರೀಖು ಬರದಾನ. ಈಗ ಅವು ಬ್ರಿಟಿಷ್ ಲೈಬ್ರರಿಯೊಳಗ ಅದಾವ. ಇವತ್ತು ಬರದಿದ್ದು ಎಂಟು ದಿನದಾಗ ಬಜಾರಿನ್ಯಾಗ, ಅಂಥಾ ಕಾಲ.

ಈಗ ನಿಮ್ಮ ಬನ್ಯನ್. ಬೆಡ್‌ಫರ್ಡ್ ಹತ್ರ ಎಲ್ಸ್ಟೋ ಹಳ್ಳಿಯಂವ, ತೂತು ಬಿದ್ದ ಪಾತ್ರಿ ಪಗಡಿ ರಿಪೇರಿ ಮಾಡಂವ. 1656ರಾಗ ಅವಗ 28. ಅವಗ ಉತ್ತರ ಬರದ ಎಡ್ವರ್ಡ್ ಬರೋ ಇನ್ನೂ ಸಣ್ಣಂವ, 23ರ ಆಸುಪಾಸು, ಕೆಂಡಲ್ ಕಡೆಯ ರೈತಾಪಿ ಹುಡುಗ, ಕ್ವೇಕರ್ ಆದ ಅಂತ ಅಪ್ಪ ಅವ್ವ ಮನಿಯಿಂದ ಹೊರಗ ಹಾಕಿದ್ರು. ಇಬ್ರೂ ಕಾಲೇಜು ಮೆಟ್ಟಲ ಹತ್ತಿದವರಲ್ಲ. ಇದನ್ನ ಯಾರೂ ಹೇಳಂಗಿಲ್ಲ ನೋಡ್ರಿ, ಪಾತ್ರಿ ರಿಪೇರಿಯಂವ ಮತ್ತ ಒಬ್ಬ ರೈತನ ಮಗ, ಕ್ರಿಸ್ತ ಎಲ್ಲಿದ್ದಾನ ಅನ್ನೋದರ ಮ್ಯಾಲ ಅಚ್ಚಿನ್ಯಾಗ ವಾದ ಮಾಡಾಕ ಹತ್ತ್ಯಾರ. ಅದಕ್ಕೂ ಇಪ್ಪತ್ತು ವರ್ಷ ಮೊದ್ಲ ಇದು ಆಗೂ ಮಾತಾಗಿರಲಿಲ್ಲ.

ವಾದ ಏನಂದ್ರ, ಯೋಹಾನನ ಸುವಾರ್ತೆ ಮೊದಲ ಅಧ್ಯಾಯದಾಗ ಲೋಕಕ್ಕ ಬರೋ ಪ್ರತಿಯೊಬ್ಬಗೂ ಬೆಳಕು ಕೊಡೋ ನಿಜವಾದ ಬೆಳಕು ಅಂತ ಬರ್ತದ. ಕ್ವೇಕರ್ ಅಂದದ್ದು, ಆ ಬೆಳಕು ಕ್ರಿಸ್ತನ, ಅಂವ ಪ್ರತಿಯೊಬ್ಬರ ಒಳಗೂ ಅದಾನ, ಬೈಬಲ್ ಓದಲಾರದವಗೂ, ಕ್ರಿಸ್ತನ ಹೆಸರ ಕೇಳಲಾರದವಗೂ. ಬನ್ಯನ್ ಹೇಳಿದ್ದು, ಅಲ್ಲ, ನಿಮ್ಮ ಒಳಗಿಂದು ಬರೇ ಮನಸ್ಸಾಕ್ಷಿ, ಅದು ತಪ್ಪು ತೋರಸ್ತದ, ಆದ್ರ ಪಾರು ಮಾಡಂಗಿಲ್ಲ. ಪಾರು ಮಾಡಂವ ಬೇತ್ಲೆಹೇಮಿನ್ಯಾಗ ಹುಟ್ಟಿ, ಯೆರೂಸಲೇಮಿನ ಹೊರಗ ಸತ್ತು, ಅದ ಮೈಯಿಂದ ಎದ್ದು ಪರಲೋಕಕ್ಕ ಹೋದ ಮನುಷ್ಯ ಯೇಸು, ಅಂವ ನಮ್ಮ ಹೊರಗ ಅದಾನ. ಒಳಗಿನ ಕ್ರಿಸ್ತ ಸಾಕು ಅಂದ್ರ ಹೊರಗಿನ ಶಿಲುಬಿ ಯಾಕ ಬೇಕಾತು? ಇದು ಬನ್ಯನ್‌ನ ಸಂಕಟ. ಅಂವ ತಾನು ನರಕಕ್ಕ ಹೋಗ್ತೇನಿ ಅನ್ನೋ ಹೆದರಿಕ್ಯಾಗ ವರ್ಷಾನುಗಟ್ಟಲೆ ಒದ್ದಾಡಿದಂವ, ಹೊರಗಿನಿಂದ ಒಂದು ಕೈ ಬಂದು ಎತ್ತಿದ್ದಕ್ಕ ಬದುಕೇನಿ ಅಂತ ನಂಬಿದಂವ, ಒಳಗ ನೋಡ್ಕೋ ಅಂದ್ರ ಅವಗ ಅಲ್ಲಿ ಬರೇ ಕತ್ತಲಿ ಕಂಡಿತ್ತು. ಬರೋ ಹೇಳಿದ್ದು, ನಾವು ಬೇತ್ಲೆಹೇಮಿನವನ್ನ ಅಲ್ಲಗಳೆದಿಲ್ಲ, ಆದ್ರ ಆ ಕತಿ ಬಾಯಿಪಾಠ ಬಂದ ಮಾತ್ರಕ್ಕ ಯಾರೂ ಪಾರಾಗಂಗಿಲ್ಲ, ಒಳಗ ಬದಲಾಗಬೇಕು. ಇಬ್ರೂ ಅನುಭವದಿಂದನ ಮಾತಾಡಿದ್ರು, ಅದಕ್ಕ ಇಬ್ರೂ ಸೋಲಲಿಲ್ಲ. 1656ರಾಗ ಎರಡು, 1657ರಾಗ ಎರಡು, ಒಟ್ಟು ನಾಲ್ಕು ಪುಸ್ತಕ.

ನಡಕ ಎಡ್ವರ್ಡ್ ಬರೋ ಒಂದು ತಪ್ಪು ಮಾಡಿದ, ಬನ್ಯನ್‌ನ್ನೂ ರೊಕ್ಕಕ್ಕ ಬೋಧನಾ ಮಾಡೋ ಪಾದ್ರಿಗಳ ಸಾಲಿಗೆ ಸೇರಿಸಿದ. ಬನ್ಯನ್‌ಗ ಅದು ಭಾಳ ಹತ್ತಿತು. ದುಡದು ಉಣ್ಣೋ ಮನುಷ್ಯಾಗ ಹಂಗಂದ್ರ ಹತ್ತಲಾರದ ಇರ್ತದೇನು.

ಅಚ್ಚುಮೊಳೆ ಉತ್ತರ:

ಮೇಷ್ಟ್ರು ವಿಷಯ ಹೇಳಿದ್ರು, ನಾನು ಕಾಗದದ ಕಡೆಯಿಂದ ಹೇಳ್ತೀನಿ. ಇಪ್ಪತ್ತು ವರ್ಷ ಮೈಸೂರಲ್ಲಿ ಲೆಟರ್‌ಪ್ರೆಸ್ಸಲ್ಲಿ ಮೊಳೆ ಜೋಡಿಸಿದ್ದೀನಿ, ಹಾಗಾಗಿ ಈ ಹಳೇ ಕರಪತ್ರಗಳ ಸ್ಕ್ಯಾನ್ ನೋಡ್ದಾಗ ನನಗೆ ಮೊದ್ಲು ಕಾಣೋದು ಮತ ಅಲ್ಲ, ಫಾರಮ್ಮು.

ಒಂದು ದೊಡ್ಡ ಹಾಳೆ ತಗೊಳ್ಳಿ. ಒಂದು ಬದಿ ನಾಲ್ಕು ಪುಟ, ತಿರುಗಿಸಿ ಇನ್ನೊಂದು ಬದಿ ನಾಲ್ಕು ಪುಟ, ಅಚ್ಚಾದ್ಮೇಲೆ ಎರಡು ಸಲ ಮಡಚಿದ್ರೆ ನಾಲ್ಕು ಎಲೆ ಎಂಟು ಪುಟ. ಅದಕ್ಕೆ ಕ್ವಾರ್ಟೊ ಅಂತಾರೆ. ಕ್ವೇಕರ್ ಕರಪತ್ರ ಬಹುಪಾಲು ಇಂಥ ಒಂದು ಹಾಳೆ, ಎರಡು ಹಾಳೆದ್ದು, ಬೈಂಡಿಂಗ್ ಇಲ್ಲ, ಬೆನ್ನಲ್ಲಿ ದಾರ ಪೋಣಿಸಿದ್ರೆ ಮುಗೀತು, ಕೋಟಿನ ಜೇಬಲ್ಲಿ ಹಿಡಿಸುತ್ತೆ, ಯಾರಾದ್ರೂ ಬಂದ್ರೆ ಒಲೆಗೆ ಹಾಕಬಹುದು. ಅವರ ದೊಡ್ಡ ವಿರೋಧಿ ರಿಚರ್ಡ್ ಬ್ಯಾಕ್ಸ್ಟರ್ ಅನ್ನೋ ಪಾದ್ರಿ 1657ರಲ್ಲಿ ಬರೆದ ಒಂದರ ಹೆಸರೇ 'ಕ್ವೇಕರ್‌ಗಳ ವಿರುದ್ಧ ಒಂದು ಹಾಳೆ'. ಉದ್ದ ಪುಸ್ತಕ ಯಾರೂ ಓದಲ್ಲ, ಒಂದು ಹಾಳೆ ಎಲ್ಲರೂ ಓದ್ತಾರೆ ಅನ್ನೋದು ಆ ಕಾಲದೋರಿಗೆ ಚೆನ್ನಾಗಿ ಗೊತ್ತಿತ್ತು.

ಅಚ್ಚು ಹಾಕಿ ಮಾರಿಸ್ತಿದ್ದೋನು ಮುಖ್ಯವಾಗಿ ಜೈಲ್ಸ್ ಕ್ಯಾಲ್ವರ್ಟ್, ಲಂಡನ್ನಲ್ಲಿ ಸೇಂಟ್ ಪಾಲ್ಸ್ ಚರ್ಚಿನ ಪಶ್ಚಿಮದ ಕಡೆ, ರೆಕ್ಕೆ ಬಿಚ್ಚಿದ ಕಪ್ಪು ಹದ್ದಿನ ಬೋರ್ಡು ತೂಗುಹಾಕಿದ ಅಂಗಡಿ. ಭೂಮಿ ಎಲ್ಲರಿಗೂ ಸೇರಿದ್ದು ಅಂತ ಪಾಳು ಗುಡ್ಡ ಅಗೆದ ಡಿಗ್ಗರ್‌ಗಳಿದ್ರಲ್ಲ, ಅವರ ಮುಂದಾಳು ವಿನ್‌ಸ್ಟಾನ್ಲಿಯ ಬರಹಗಳನ್ನೂ ಹೊರಗೆ ತಂದೋನು ಇವನೇ. ಅವನ ತಂಗಿ ಮಾರ್ತಾ ಕ್ವೇಕರ್ ಆದ್ಲು, ಅವಳ ಗಂಡ ಥಾಮಸ್ ಸಿಮಂಡ್ಸ್ ಕೂಡ ಇದೇ ಕಸುಬು. ದುಡ್ಡು ಎಲ್ಲಿಂದ ಅಂತ ಕೇಳಬಹುದು. ಸ್ವಾರ್ತ್‌ಮೂರ್‌ನ ಮಾರ್ಗರೆಟ್ ಫೆಲ್, ನ್ಯಾಯಾಧೀಶ ಥಾಮಸ್ ಫೆಲ್ ಹೆಂಡತಿ, 1654ರಲ್ಲಿ ಕೆಂಡಲ್‌ನಲ್ಲಿ ಒಂದು ನಿಧಿ ಮಾಡಿಸಿದ್ರು, ಊರೂರಿಂದ ಕಾಸು ಕೂಡಿಸಿ ಪ್ರಯಾಣದ ಖರ್ಚು, ಜೈಲಲ್ಲಿರೋರ ಊಟ ಬಟ್ಟೆ, ಅಚ್ಚಿನ ಬಾಬ್ತು ಎಲ್ಲ ಅದರಿಂದ ಹೋಗ್ತಿತ್ತು. ಇದನ್ನ ನಾನು ಒತ್ತಿ ಹೇಳ್ತೀನಿ ಯಾಕಂದ್ರೆ ಒಳಗಿನ ಬೆಳಕು ಅಂತ ಹೇಳೋ ಜನ ಕಾಗದ ಶಾಯಿ ಲೆಕ್ಕವನ್ನ ಇಷ್ಟು ಶ್ರದ್ಧೆಯಿಂದ ಇಟ್ಟಿದ್ರು ಅನ್ನೋದು ನನಗೆ ತುಂಬ ದೊಡ್ಡದಾಗಿ ಕಾಣ್ಸುತ್ತೆ, ಪ್ರೆಸ್ಸಲ್ಲಿ ಕೂತು ಬಾಕಿ ಬಿಲ್ಲಿಗೆ ಅಲೆದೋರಿಗೆ ಅದರ ಬೆಲೆ ಗೊತ್ತಿರುತ್ತೆ.

ಇನ್ನು ಬರೆಯೋ ರೀತಿ. ಎದುರಾಳಿ ಪುಸ್ತಕ ಪಕ್ಕದಲ್ಲಿಟ್ಕೊಂಡು ಸಾಲು ಸಾಲಾಗಿ ಹೋಗ್ತಾರೆ, ನೀನು ಇಂಥ ಪುಟದಲ್ಲಿ ಹೀಗಂದೆ, ಇದಕ್ಕೆ ಉತ್ತರ ಇದು, ಮುಂದಿನ ಪುಟದಲ್ಲಿ ಹೀಗಂದೆ, ಅದಕ್ಕೆ ಇದು. ಎದುರಾಳಿ ಮಾತು ಒಂದು ಟೈಪಲ್ಲಿ, ತಮ್ಮ ಉತ್ತರ ಇನ್ನೊಂದು ಟೈಪಲ್ಲಿ, ಎರಡು ಕೇಸು ಪಕ್ಕಪಕ್ಕ ಇಟ್ಕೊಂಡು ಜೋಡಿಸೋನ ಕೈ ಎಷ್ಟು ನೋಯ್ತಿತ್ತೋ. ಮುಖಪುಟದಲ್ಲಿ ಲೇಖಕ ತನ್ನ ಹೆಸರು ನೇರವಾಗಿ ಹಾಕಲ್ಲ, ಲೋಕದೋರು ಇಂಥವನು ಅಂತ ಕರೆಯೋ ಒಬ್ಬನಿಂದ ಅಂತ ಹಾಕ್ತಾನೆ, ಅಂದ್ರೆ ನಿಜವಾದ ಹೆಸರು ದೇವರಿಗೆ ಮಾತ್ರ ಗೊತ್ತು ಅಂತ. ಇಂಥ ಜೇಲಿಂದ ಅಂತಲೂ ಇರುತ್ತೆ. 1659ರಲ್ಲಿ ಫಾಕ್ಸ್ ಒಂದು ದಪ್ಪ ಫೋಲಿಯೊ, ಅಂದ್ರೆ ಹಾಳೆಯನ್ನ ಒಂದೇ ಸಲ ಮಡಚಿದ ದೊಡ್ಡ ಆಕಾರದ ಪುಸ್ತಕ, ತಂದ್ರು, ತಮ್ಮ ವಿರುದ್ಧ ಬಂದ ನೂರಕ್ಕೂ ಹೆಚ್ಚು ಪುಸ್ತಕಗಳಿಗೆ ಒಂದೊಂದಾಗಿ ಉತ್ತರ, ಮೊದಲಿಗೆ ಎಡ್ವರ್ಡ್ ಬರೋ ಬರೆದ ಉದ್ದ ಮುನ್ನುಡಿ. ಬನ್ಯನ್‌ಗೂ ಅದರಲ್ಲಿ ಜಾಗ ಇದೆ.

ತಲೆಬರಹಗಳಂತೂ! ವಿಲಿಯಂ ಪ್ರಿನ್ ಅನ್ನೋ ವಕೀಲ 1655ರಲ್ಲಿ 'ಕ್ವೇಕರ್‌ಗಳ ಮುಸುಕು ತೆಗೆದದ್ದು' ಅಂತ ಬರೆದು ಇವರು ರೋಮಿನಿಂದ ವೇಷ ಹಾಕ್ಕೊಂಡು ಬಂದ ಜೆಸ್ವಿಟ್, ಫ್ರಾನ್ಸಿಸ್ಕನ್ ಸನ್ಯಾಸಿಗಳು ಅಂದ. ಮಗಲ್ಟನ್ ಅನ್ನೋ ಇನ್ನೊಂದು ಪಂಗಡದ ಮುಖಂಡ 1663ರಲ್ಲಿ ಬರೆದ ಒಂದರ ಹೆಸರು 'ಕ್ವೇಕರ್‌ಗಳ ಕುತ್ತಿಗೆ ಮುರಿದದ್ದು'. ಅಮೆರಿಕದಲ್ಲಿ ರೋಜರ್ ವಿಲಿಯಮ್ಸ್, ರೋಡ್ ಐಲೆಂಡ್ ಕಟ್ಟಿದ ಮನುಷ್ಯ, ಎಪ್ಪತ್ತರ ಹತ್ತಿರದ ವಯಸ್ಸಲ್ಲಿ 1672ರಲ್ಲಿ ಕ್ವೇಕರ್‌ಗಳ ಜೊತೆ ವಾದ ಮಾಡೋಕೆ ದಿನವಿಡೀ ತಾನೇ ದೋಣಿ ಹುಟ್ಟು ಹಾಕ್ಕೊಂಡು ನ್ಯೂಪೋರ್ಟಿಗೆ ಹೋದ, ಮೂರು ದಿನ ಅಲ್ಲಿ ವಾದ, ಆಮೇಲೆ 1676ರಲ್ಲಿ ಬಂದ ಪುಸ್ತಕದ ಹೆಸರಲ್ಲಿ ಫಾಕ್ಸನ್ನ ಬಿಲದಿಂದ ಅಗೆದು ತೆಗೆದದ್ದು ಅಂತ ಇದೆ. ಫಾಕ್ಸ್ ಅಂದ್ರೆ ನರಿ, ಬರೋ ಅಂದ್ರೆ ಬಿಲ, ಇಬ್ಬರ ಹೆಸರನ್ನೂ ಹಿಡಿದು ಹೊಡೆದಿದ್ದಾನೆ. 1678ರಲ್ಲಿ ಫಾಕ್ಸ್ ಕಡೆಯಿಂದ ಉತ್ತರ ಬಂತು, ನ್ಯೂ ಇಂಗ್ಲೆಂಡಿನ ಕೊಳ್ಳಿ ಆರಿಸಿದ್ದು ಅಂತ. ಗಮನಿಸಿ, ಈ ವಿಲಿಯಮ್ಸ್ ತನ್ನ ಸೀಮೆಯಲ್ಲಿ ಕ್ವೇಕರ್‌ಗಳಿಗೆ ಒಂದು ದಿನಾನೂ ತೊಂದರೆ ಕೊಡಲಿಲ್ಲ, ಅದೇ ಹೊತ್ತಿಗೆ ಪಕ್ಕದ ಬಾಸ್ಟನ್‌ನಲ್ಲಿ 1659ರಿಂದ 1661ರೊಳಗೆ ನಾಲ್ಕು ಜನ ಕ್ವೇಕರ್‌ಗಳನ್ನ ನೇಣು ಹಾಕಿದ್ರು. ಬರೆದು ಹೊಡೆದಾಡೋದು ಬೇರೆ, ನೇಣು ಬೇರೆ. ನನಗೆ ವಿಲಿಯಮ್ಸ್ ಮೇಲೆ ಗೌರವ ಇದಕ್ಕೇ.

ಸಂಪಿಗೆ_ಮರ ಉತ್ತರ:

ಎಲ್ಲರೂ ದೊಡ್ಡ ತತ್ವ ಹೇಳ್ತಿದ್ದೀರಿ, ನಾನು ಒಂದು ಚಿಕ್ಕ ಪದದ ಬಗ್ಗೆ ಹೇಳ್ಬೇಕು, ಯಾಕಂದ್ರೆ ಇಂಗ್ಲಿಷ್ ಮಾತ್ರ ಬಲ್ಲೋರಿಗಿಂತ ಕನ್ನಡದೋರಿಗೆ ಇದು ಬೇಗ ಅರ್ಥ ಆಗುತ್ತೆ. ನೀನು, ನೀವು.

ಆಗಿನ ಇಂಗ್ಲಿಷಲ್ಲಿ ಎರಡೂ ಇತ್ತು, ದೌ ಅಂದ್ರೆ ನೀನು, ಯು ಅಂದ್ರೆ ನೀವು. ದೊಡ್ಡೋರಿಗೆ ಯು, ಚಿಕ್ಕೋರಿಗೆ ಆಳುಗಳಿಗೆ ದೌ, ಥೇಟ್ ನಮ್ಮ ಹಾಗೇ. ಕ್ವೇಕರ್‌ಗಳು ಎಲ್ಲರಿಗೂ ದೌ ಅಂದ್ರು. ನ್ಯಾಯಾಧೀಶನಿಗೂ ನೀನು, ಜಮೀನ್ದಾರನಿಗೂ ನೀನು, ಅಪ್ಪನಿಗೂ ನೀನು. ಜೊತೆಗೆ ಯಾರ ಮುಂದೆಯೂ ಟೋಪಿ ತೆಗೀತಿರಲಿಲ್ಲ. ಒಂದು ಸಲ ಕಲ್ಪಿಸ್ಕೊಳ್ಳಿ, ನಮ್ಮೂರಲ್ಲಿ ಇಪ್ಪತ್ತು ವರ್ಷದ ಹುಡುಗ ಕೋರ್ಟಲ್ಲಿ ನಿಂತು ಜಡ್ಜಿಗೆ 'ನೀನು ಹೇಳು' ಅಂದ್ರೆ ಹೇಗಿರುತ್ತೆ. ಬೈಬಲ್ ವಾದ ಎಲ್ಲರಿಗೂ ಅರ್ಥ ಆಗದೇ ಇರಬಹುದು, ಈ ನೀನು ಮಾತ್ರ ಎಲ್ಲರ ಮುಖಕ್ಕೂ ಹೊಡೆದಂತೆ ಬೀಳ್ತಿತ್ತು. ಅವರ ವಾದ ಏನಂದ್ರೆ, ಒಬ್ಬನಿಗೆ ಬಹುವಚನ ಹಚ್ಚೋದು ಸುಳ್ಳು, ಹೊಗಳಿಕೆ, ಅದು ಜಂಬಕ್ಕೆ ಹಾಕೋ ನೈವೇದ್ಯ, ದೇವರಿಗೇ ದೌ ಅಂತೀರಿ, ನೀವು ದೇವರಿಗಿಂತ ದೊಡ್ಡೋರಾ? ಈ ಕೊನೇ ಪ್ರಶ್ನೆ ಓದಿದಾಗ ನಾನು ಪುಸ್ತಕ ಕೆಳಗಿಟ್ಟು ಸುಮ್ಮನೆ ಕೂತುಬಿಟ್ಟೆ. ನಮ್ಮ ಮನೇಲೂ ಅಷ್ಟೇ, ಅಮ್ಮನಿಗೆ ನೀನು, ಅಪ್ಪನಿಗೆ ನೀವು, ದೇವರ ಮುಂದೆ ನಿಂತ್ರೆ ಮತ್ತೆ ನೀನು. ಶರಣರು ಎಲ್ಲರನ್ನೂ ಅಯ್ಯಾ ಅಪ್ಪಾ ಅಂತ ಮೇಲಕ್ಕೆತ್ತಿ ಸಮ ಮಾಡಿದ್ರು, ಇವರು ಎಲ್ಲರನ್ನೂ ನೀನು ಅಂತ ಕೆಳಗಿಳಿಸಿ ಸಮ ಮಾಡೋಕೆ ಹೊರಟ್ರು.

ಥಾಮಸ್ ಎಲ್‌ವುಡ್ ಅಂತ ಒಬ್ಬ, ಕಣ್ಣು ಕಳ್ಕೊಂಡಿದ್ದ ಕವಿ ಮಿಲ್ಟನ್‌ಗೆ ಲ್ಯಾಟಿನ್ ಪುಸ್ತಕ ಓದಿ ಹೇಳ್ತಿದ್ದವನು, ಮುಂದೆ ಫಾಕ್ಸ್‌ನ ಆತ್ಮಚರಿತ್ರೆಯನ್ನ 1694ರಲ್ಲಿ ಅಚ್ಚಿಗೆ ಸಿದ್ಧಪಡಿಸಿದವನೂ ಅವನೇ. ಅವನು ಹುಡುಗನಾಗಿದ್ದಾಗ ಕ್ವೇಕರ್ ಆಗಿ ಮನೆಗೆ ಬಂದು ಅಪ್ಪನ ಮುಂದೆ ಟೋಪಿ ತೆಗೀಲಿಲ್ಲ. ಅಪ್ಪ ಟೋಪಿ ಕಿತ್ಕೊಂಡ್ರು, ಇನ್ನೊಂದು ಹಾಕ್ಕೊಂಡ, ಅದನ್ನೂ ಕಿತ್ಕೊಂಡ್ರು, ಹೀಗೆ ಒಂದೊಂದಾಗಿ ಇದ್ದಬದ್ದ ಟೋಪಿ ಎಲ್ಲ ಹೋದ್ವು. ಚಳಿಗಾಲದಲ್ಲಿ ಬರಿತಲೆ. ಇನ್ನೊಂದು ಸಲ ನನಗೆ ದೌ ಅಂದ್ರೆ ಹಲ್ಲು ಮುರಿದು ಗಂಟಲಿಗಿಳಿಸ್ತೀನಿ ಅಂತ ಅಪ್ಪ ಗದರಿದ್ದನ್ನ ಅವನೇ ಬರೆದಿಟ್ಟಿದ್ದಾನೆ. ಆ ಅಪ್ಪ ಕೆಟ್ಟೋರೇನಲ್ಲ, ಮಗ ಕೈತಪ್ಪಿ ಹೋಗ್ತಿದ್ದಾನೆ ಅಂತ ಅವರಿಗೆ ಆ ಒಂದು ಪದದಲ್ಲಿ ಗೊತ್ತಾಗ್ತಿತ್ತು ಅಷ್ಟೇ.

ಇದರ ಮೇಲೂ ಪುಸ್ತಕ ಬಂತು, ಬರದೇ ಇರುತ್ತಾ! 1660ರಲ್ಲಿ ಫಾಕ್ಸ್, ಜಾನ್ ಸ್ಟಬ್ಸ್, ಬೆಂಜಮಿನ್ ಫರ್ಲಿ ಸೇರಿ ಒಂದು ದೊಡ್ಡ ಪುಸ್ತಕ ತಂದ್ರು. ಆಗ ಮಕ್ಕಳಿಗೆ ಅಕ್ಷರ ಕಲಿಸೋಕೆ ಹಿಡಿ ಇರೋ ಒಂದು ಹಲಗೆ ಇರ್ತಿತ್ತು, ಆ ಹಲಗೆ ಚಿತ್ರವನ್ನೇ ಚೌಕಟ್ಟಾಗಿ ಅಚ್ಚು ಹಾಕಿ, ಅದರೊಳಗೆ ಏಕವಚನ ಬಹುವಚನ ಪಾಠ, ಲ್ಯಾಟಿನ್, ಗ್ರೀಕ್, ಹೀಬ್ರೂ ಅಂತ ಮೂವತ್ತಕ್ಕೂ ಹೆಚ್ಚು ಭಾಷೆಗಳಿಂದ ಉದಾಹರಣೆ. ಕಾಲೇಜು ಓದಿದ ಪಾದ್ರಿಗಳೇ, ನಿಮಗೆ ಮಗು ಕಲಿಯೋ ವ್ಯಾಕರಣವೇ ಬರಲ್ಲ, ಬನ್ನಿ ಕೂತ್ಕೊಳ್ಳಿ ಅನ್ನೋ ಧಾಟಿ. ನನಗಂತೂ ಆ ಕಾಲದ ಎಲ್ಲ ಕರಪತ್ರಗಳಲ್ಲಿ ಇದೇ ಇಷ್ಟ.

ಮತ್ತೆ ಹೆಂಗಸರು. ಪ್ರಿಸಿಲ್ಲಾ ಕಾಟನ್, ಮೇರಿ ಕೋಲ್ ಅನ್ನೋ ಇಬ್ಬರು 1655ರಲ್ಲಿ ಎಕ್ಸಿಟರ್ ಜೈಲಲ್ಲಿ ಕೂತು ಬರೆದ್ರು. ಸಭೆಯಲ್ಲಿ ಹೆಂಗಸು ಮಾತಾಡಬಾರದು ಅಂತ ಪೌಲ ಹೇಳಿದ್ದಾನೆ ಅಂತ ಪಾದ್ರಿಗಳು ತೋರಿಸ್ತಾರಲ್ಲ, ಅದಕ್ಕೆ ಅವರ ಉತ್ತರ, ಅಲ್ಲಿ ಹೆಂಗಸು ಅಂದ್ರೆ ದೇವರ ಬಲ ಇಲ್ಲದ ದೌರ್ಬಲ್ಯ, ಅದು ಗಂಡಸಲ್ಲೂ ಇರುತ್ತೆ, ಹಾಗೆ ನೋಡಿದ್ರೆ ಬಾಯಿ ಮುಚ್ಚಬೇಕಾದ ಹೆಂಗಸರು ನೀವೇ. ಜೈಲಿನಿಂದ, ಇಬ್ಬರು ಹೆಂಗಸರು, ಊರಿನ ಪಾದ್ರಿಗಳಿಗೆ! ಆಮೇಲೆ 1666ರಲ್ಲಿ ಮಾರ್ಗರೆಟ್ ಫೆಲ್ ಲ್ಯಾಂಕಾಸ್ಟರ್ ಕೋಟೆಯ ಜೈಲಿಂದ ಹೆಂಗಸರ ಮಾತು ಸರಿ ಅಂತ ಸಾಧಿಸೋ ಪೂರ್ತಿ ಪುಸ್ತಕವನ್ನೇ ತಂದ್ರು, ಸತ್ತು ಎದ್ದ ಯೇಸುವಿನ ಸುದ್ದಿಯನ್ನ ಮೊದ್ಲು ಹೊತ್ತು ತಂದೋರು ಹೆಂಗಸರು, ಅವರು ಬಾಯಿ ಮುಚ್ಕೊಂಡಿದ್ರೆ ನಿಮಗೆ ಸುದ್ದಿ ಹೇಗೆ ಗೊತ್ತಾಗ್ತಿತ್ತು ಅಂತ.

ಹಗರಿ_ಹೊಳೆ ಉತ್ತರ:

ಎಲ್ಲ ಚೆನ್ನಾಗಿ ಹೇಳಿದ್ದೀರಿ, ಆದ್ರೆ ಒಂದು ಕಡೆ ವಾಲ್ತಾ ಇದೆ ಅನ್ಸುತ್ತೆ. ಕ್ವೇಕರ್ ಕರಪತ್ರಗಳನ್ನ ನಾನೂ ಓದಿದ್ದೀನಿ, ಎದುರಾಳಿಗಳಿಗೆ ಬೊಗಳಲಾರದ ಮೂಕ ನಾಯಿಗಳು, ಬಾಳನ ಪೂಜಾರಿಗಳು, ಸರ್ಪಗಳು ಅಂತೆಲ್ಲ ಬೈದಿದ್ದಾರೆ. ಬೈಬಲ್‌ನಿಂದಲೇ ತಗೊಂಡ ಬೈಗುಳ ನಿಜ, ಆದ್ರೂ ಬೈಗುಳವೇ. ನನ್ನೊಳಗೆ ಮಾತಾಡ್ತಿರೋನು ಕ್ರಿಸ್ತನೇ ಅಂತ ನಂಬಿದ ಮನುಷ್ಯನಿಗೆ ಎದುರಿಗಿರೋನ ಮಾತು ಸೈತಾನನ ಮಾತಾಗಿಬಿಡುತ್ತೆ, ಮಧ್ಯೆ ಜಾಗವೇ ಇಲ್ಲ. ಬನ್ಯನ್ ಹೆದರಿದ್ದು ಇದಕ್ಕೂ ಇರಬಹುದು.

ಜೇಮ್ಸ್ ನೇಯ್ಲರ್ ಕತೆ ಯಾರೂ ಹೇಳ್ಲಿಲ್ಲ. ಯಾರ್ಕ್‌ಶೈರಿನ ರೈತ, ಪಾರ್ಲಿಮೆಂಟಿನ ಸೈನ್ಯದಲ್ಲಿ ಕ್ವಾರ್ಟರ್‌ಮಾಸ್ಟರ್ ಆಗಿದ್ದವನು, ಕರಪತ್ರ ಬರೆಯೋದ್ರಲ್ಲಿ ಫಾಕ್ಸ್‌ಗಿಂತ ಒಂದು ಕೈ ಮೇಲು, ಬ್ಯಾಕ್ಸ್ಟರ್‌ಗೆ 1655ರಲ್ಲಿ ಉತ್ತರ ಕೊಟ್ಟವನೂ ಇವನೇ. 1656ರ ಅಕ್ಟೋಬರಲ್ಲಿ ಮಳೆ ಸುರೀತಿದೆ, ಮೊಣಕಾಲು ಮಟ್ಟ ಕೆಸರು, ಇವನು ಕುದುರೆ ಮೇಲೆ ಬ್ರಿಸ್ಟಲ್ ಊರೊಳಗೆ ಬರ್ತಾನೆ, ಜೊತೆಗೆ ಬೆರಳೆಣಿಕೆ ಜನ 'ಪರಿಶುದ್ಧನು ಪರಿಶುದ್ಧನು' ಅಂತ ಹಾಡ್ತಾ ನಡೀತಾರೆ, ಯೆರೂಸಲೇಮಿಗೆ ಯೇಸು ಬಂದ ಹಾಗೆ. ಅಚ್ಚುಮೊಳೆಯವರು ಹೇಳಿದ ಆ ಮಾರ್ತಾ ಸಿಮಂಡ್ಸ್ ಕೂಡ ಆ ಗುಂಪಲ್ಲಿದ್ಲು. ತಾನೇ ಕ್ರಿಸ್ತ ಅಂತ ಅವನು ಹೇಳ್ಲಿಲ್ಲ, ಒಳಗಿನ ಕ್ರಿಸ್ತನಿಗೆ ಇದೊಂದು ಗುರುತು ಅಂದ. ಪಾರ್ಲಿಮೆಂಟೇ ವಿಚಾರಣೆಗೆ ಕೂತ್ಕೊಳ್ತು, ದಿನಗಟ್ಟಲೆ ಚರ್ಚೆ, ಮರಣದಂಡನೆ ಬೇಡ ಅಂತ ಆದದ್ದು 96ಕ್ಕೆ 82 ಓಟಿನಲ್ಲಿ. ಬದಲಿಗೆ 310 ಚಾಟಿಯೇಟು, ಕಾದ ಕಬ್ಬಿಣದಿಂದ ನಾಲಿಗೆಗೆ ತೂತು, ಹಣೆ ಮೇಲೆ ದೈವದೂಷಕ ಅನ್ನೋದರ ಮೊದಲ ಅಕ್ಷರದ ಬರೆ. ಬರೆ ಹಾಕುವಾಗ ರಾಬರ್ಟ್ ರಿಚ್ ಅನ್ನೋ ವ್ಯಾಪಾರಿ ಪಕ್ಕದಲ್ಲೇ ನಿಂತಿದ್ದು, ಮುಗಿದ ಮೇಲೆ ಬಗ್ಗಿ ಆ ಗಾಯ ನೆಕ್ಕಿದ. ಓದಿದಾಗಿಂದ ಈ ಒಂದು ದೃಶ್ಯ ನನ್ನ ಕಣ್ಣಿಂದ ಹೋಗಿಲ್ಲ.

ಎದುರಾಳಿಗಳಿಗೆ ಹಬ್ಬ ಆಯ್ತು, ನಾವು ಹೇಳಿರಲಿಲ್ವಾ ಅಂತ ಕರಪತ್ರದ ಮೇಲೆ ಕರಪತ್ರ. ಆದ್ರೆ ಫಾಕ್ಸ್ ಏನ್ ಮಾಡಿದ? ಬ್ರಿಸ್ಟಲ್‌ಗೂ ಮುಂಚೆ ಎಕ್ಸಿಟರ್ ಜೈಲಲ್ಲಿ ಇಬ್ಬರಿಗೂ ಮನಸ್ತಾಪ ಆಗಿತ್ತು, ನೇಯ್ಲರ್ ಮುತ್ತಿಡೋಕೆ ಬಂದಾಗ ಫಾಕ್ಸ್ ಕೈ ಕೊಡದೆ ಕಾಲು ಮುಂದೆ ಚಾಚಿದ. ರಾಜಿ ಆಗೋಕೆ 1660 ಬರಬೇಕಾಯ್ತು, ಅದೇ ವರ್ಷ ಊರಿಗೆ ನಡೆದು ಹೋಗ್ತಿದ್ದ ನೇಯ್ಲರನ್ನ ದಾರಿಯಲ್ಲಿ ದೋಚಿದ್ರು, ಹಂಟಿಂಗ್ಡನ್ ಹತ್ರ ತೀರಿಕೊಂಡ. ಯಾರಿಗೂ ಕೆಡುಕು ಮಾಡದ, ಯಾವ ಅನ್ಯಾಯಕ್ಕೂ ಸೇಡು ಬಯಸದ ಒಂದು ಆತ್ಮವನ್ನ ನನ್ನೊಳಗೆ ಅನುಭವಿಸ್ತಿದ್ದೀನಿ ಅನ್ನೋ ಅರ್ಥದ ಅವನ ಕೊನೇ ಮಾತನ್ನ ಕ್ವೇಕರ್‌ಗಳು ಇವತ್ತಿಗೂ ಓದ್ತಾರೆ. ಹಣೆ ಮೇಲೆ ಬರೆ ಇದ್ದ ಮನುಷ್ಯ ಹೇಳಿದ್ದು ಅದು.

ಇನ್ನೂ ಒಂದು. ಎಲ್ಲರೊಳಗೂ ಬೆಳಕು ಅಂದೋರು 1673ರಲ್ಲಿ ಲಂಡನ್‌ನಲ್ಲಿ ಸೋಮವಾರ ಬೆಳಗಿನ ಸಭೆ ಅಂತ ಮಾಡ್ಕೊಂಡು, ಕ್ವೇಕರ್‌ಗಳು ಏನೇ ಅಚ್ಚು ಹಾಕಿಸಬೇಕಾದ್ರೂ ಮೊದ್ಲು ಅಲ್ಲಿ ಓದಿ ಒಪ್ಪಿಗೆ ಪಡೀಬೇಕು ಅಂತ ಮಾಡಿದ್ರು. ಪ್ರಿಸಿಲ್ಲಾ ಕಾಟನ್‌ಳಂಥ ಬರಹ ಆ ಸಭೆಯನ್ನ ದಾಟಿ ಬರ್ತಿತ್ತಾ? ನನಗೆ ಅನುಮಾನ. ಅಮೆರಿಕದಲ್ಲಿ ಜಾರ್ಜ್ ಕೀತ್ ಅನ್ನೋ ಕ್ವೇಕರ್‌ಗೂ ಅವನ ಪಂಗಡದೋರಿಗೂ ಜಗಳ ಎದ್ದಾಗ 1692ರಲ್ಲಿ ಅವನ ಬರಹ ಅಚ್ಚು ಹಾಕಿದ ವಿಲಿಯಂ ಬ್ರಾಡ್‌ಫರ್ಡ್‌ನನ್ನ ಫಿಲಡೆಲ್ಫಿಯಾದ ಕ್ವೇಕರ್ ನ್ಯಾಯಾಧೀಶರೇ ಜೈಲಿಗೆ ಹಾಕಿಸಿದ್ರು. ಜೈಲಲ್ಲಿ ಕೂತು ಬರೆದೋರು ಈಗ ಜೈಲಿಗೆ ಕಳಿಸೋರಾದ್ರು. ಅದೇ ಕೀತ್ ಕಡೆಯೋರು ಮರುವರ್ಷ 1693ರಲ್ಲಿ ನ್ಯೂಯಾರ್ಕಲ್ಲಿ ಬ್ರಾಡ್‌ಫರ್ಡ್ ಪ್ರೆಸ್ಸಿಂದ ಕರಿಯರನ್ನ ಕೊಳ್ಳಬೇಡಿ, ಇಟ್ಕೊಂಡವರನ್ನ ಬಿಟ್ಟುಬಿಡಿ ಅಂತ ಕರಪತ್ರ ತಂದ್ರು. ಗುಲಾಮಗಿರಿ ವಿರುದ್ಧ ಅಮೆರಿಕದಲ್ಲಿ ಅಚ್ಚಾದ ಮೊದಲನೇದು ಅದು. ಅಂದ್ರೆ ಪ್ರಶ್ನೆ ಕೇಳಿದವರು ಹೇಳಿದ ಆ ಒಳ್ಳೇ ಹೆಸರೂ ಬಂದದ್ದು ಒಳಜಗಳದಿಂದಲೇ.

ಮಾಳಮಡ್ಡಿ_ಮಾಸ್ತರ ಉತ್ತರ:

ಹಗರಿಯವರು ಹೇಳಿದ್ದು ಖರೇ, ನಾ ತಕರಾರು ಮಾಡಂಗಿಲ್ಲ. ಆದ್ರ ಅದ 1673ರ ಸಭೆಯ ಇನ್ನೊಂದು ತೀರ್ಮಾನ ಅದ, ಅದನ್ನ ಹೇಳಲಾರದ ಬಿಡಬಾರದು. ನಮ್ಮವರು ಬರದ ಪ್ರತಿ ಪುಸ್ತಕದ್ದು ಎರಡು ಪ್ರತಿ ಇಡ್ರಿ, ನಮ್ಮ ವಿರುದ್ಧ ಬರದ ಪ್ರತಿ ಪುಸ್ತಕದ್ದೂ ಒಂದು ಪ್ರತಿ ಇಡ್ರಿ ಅಂತ ಅವರು ನಿರ್ಣಯ ಮಾಡಿದ್ರು. ಉತ್ತರ ಬರಿಯಾಕ ಬೇಕಂತನ ಇಟ್ಟದ್ದು, ಒಪ್ಪತೇನಿ. ಆದ್ರ ಲಂಡನ್ನಿನ ಅವರ ಲೈಬ್ರರಿ ಹುಟ್ಟಿದ್ದು ಹಂಗ, ಇವತ್ತು ಇಬ್ಬರ ಮಾತೂ ನಾವು ಓದಾಕ ಸಾಧ್ಯ ಆಗೇದ. ಸುಟ್ಟುಬಿಡೋ ಪದ್ಧತಿ ಇದ್ದ ಕಾಲ ಅದು.

ಮತ್ತ ಬನ್ಯನ್‌ಗ ಏನಾತು ಅಂತ ಈ ತಂಗಿಗೆ ಹೇಳಬೇಕಲ್ಲ. ಆ ಲಡಾಯಿಯೊಳಗ ರಾಜ ಸೋತು ರಾಜರ ಆಳ್ವಿಕಿ ನಿಂತಿತ್ತು, 1660ರಾಗ ಎರಡನೇ ಚಾರ್ಲ್ಸ್ ರಾಜನಾಗಿ ತಿರುಗಿ ಬಂದ, ಅದ ವರ್ಷ ಬನ್ಯನ್ ಜೇಲಿಗೆ ಹೋದ, ಪರವಾನಗಿ ಇಲ್ಲದ ಬೋಧನಾ ಮಾಡಿದ್ದಕ್ಕ, ಹನ್ನೆರಡು ವರ್ಷ. ಬರೋನೂ ಹೋದ, ನ್ಯೂಗೇಟ್ ಜೇಲಿನ ಗದ್ದಲದಾಗ ಜ್ವರ ಬಂದು 1663ರಾಗ ಸತ್ತ, ಮೂವತ್ತು ತುಂಬಿರಲಿಲ್ಲ. ಸಾಯೂಕಿಂತ ಎರಡು ವರ್ಷ ಮೊದ್ಲ ಇದ ಹುಡುಗ ಎರಡನೇ ಚಾರ್ಲ್ಸ್ ರಾಜನ ಮುಂದ ನಿಂತು ಬಾಸ್ಟನ್ನಿನ ನೇಣಿನ ಸುದ್ದಿ ಹೇಳಿ, ನಿನ್ನ ರಾಜ್ಯದಾಗ ನಿರಪರಾಧಿ ರಕ್ತದ ನರ ಒಂದು ಬಿಚ್ಚೇದ, ತಡೀಲಿಲ್ಲಂದ್ರ ಎಲ್ಲಾ ಕಡೆ ಹರೀತದ ಅಂದ. ಆ ನರ ನಾ ಕಟ್ಟತೇನಿ ಅಂದ ರಾಜ, ಅಪ್ಪಣಿ ಬರಸಿ ಕಳಸಿದ.

1672ರಾಗ ರಾಜ ಸ್ವಲ್ಪ ಸಡಿಲ ಬಿಟ್ಟ. ಜಾರ್ಜ್ ವೈಟ್‌ಹೆಡ್ ಅನ್ನೋ ಕ್ವೇಕರ್ ಓಡ್ಯಾಡಿ ಜೇಲಿನ್ಯಾಗಿದ್ದ ತಮ್ಮವರ ಹೆಸರಿನ ದೊಡ್ಡ ಕ್ಷಮಾಪತ್ರ ತಯಾರ ಮಾಡಿಸಿದ, ಸುಮಾರು 490 ಹೆಸರು, ಚರ್ಮದ ಹಾಳಿ ಹತ್ತಕ್ಕ ಹೆಚ್ಚು. ಬ್ಯಾರೆ ಪಂಗಡದವರಿಗೆ ಅಷ್ಟು ಖರ್ಚು ಮಾಡೂದು ಆಗಂಗಿರಲಿಲ್ಲ, ಅವರ ವಕೀಲ ಬಂದು ನಮ್ಮವರ ಹೆಸರೂ ನಿಮ್ಮ ಪತ್ರದಾಗ ಸೇರಿಸ್ತೀರೇನು ಅಂತ ಕೇಳಿದ. ವೈಟ್‌ಹೆಡ್ ಸೇರಿಸಿದ. ಬನ್ಯನ್‌ಗ ಬೋಧನಾ ಮಾಡಾಕ ಲೈಸೆನ್ಸು ಆ ವರ್ಷ ಮೊದ್ಲ ಸಿಕ್ಕಿತ್ತು, ಆದ್ರ ರಾಜಮುದ್ರಿ ಬಿದ್ದ ಕ್ಷಮಾಪತ್ರ ಅವಗ ಸಿಕ್ಕದ್ದು ಈ ಕ್ವೇಕರ್ ಪತ್ರದಾಗ, ಆ ಹೆಸರುಗಳ ನಡಕ 'ಜಾನ್ ಬನ್ಯನ್' ಅಂತ ಅದ.

ನೇತ್ರಾವತಿ_ದಂಡೆ:

ಮಾಸ್ತರೇ, ಕೊನೇ ಪ್ಯಾರಾ ಓದಿ ಸ್ವಲ್ಪ ಹೊತ್ತು ಏನೂ ಟೈಪ್ ಮಾಡ್ಲಿಕ್ಕೆ ಆಗ್ಲಿಲ್ಲ. ಬರೋ ಬದುಕಿದ್ದಿದ್ರೆ ಆ ಪಟ್ಟಿಯಲ್ಲಿ ಬನ್ಯನ್ ಹೆಸರು ನೋಡಿ ಏನು ಹೇಳ್ತಿದ್ದನೋ ಅಂತ ಅದೇ ತಲೆಯಲ್ಲಿ ಸುತ್ತುತ್ತಾ ಇದೆ. ಸಂಪಿಗೆ ಅಕ್ಕ, ನೀವು ಹೇಳಿದ ಆ ಹಲಗೆ ಚಿತ್ರದ ಪುಸ್ತಕದ ಸ್ಕ್ಯಾನ್ ಹುಡುಕಿದೆ, ಸಿಕ್ಕಿತು, ಪ್ರತಿ ಭಾಷೆ ಶುರುವಾಗೋ ಕಡೆ ಹಿಡಿ ಇರೋ ಹಲಗೆಯೇ ಕಾಣ್ತದೆ. ಅಚ್ಚುಮೊಳೆ ಸರ್, ಹಗರಿ ಸರ್, ಇಬ್ಬರಿಗೂ ಥ್ಯಾಂಕ್ಸ್, ನೇಯ್ಲರ್ ಬಗ್ಗೆ ನಾನು ಏನೂ ಓದಿರ್ಲಿಲ್ಲ.

ಬರೋನ ಎರಡು ಉತ್ತರಗಳನ್ನೂ ಡೌನ್‌ಲೋಡ್ ಮಾಡಿದ್ದೇನೆ. ಈ ಭಾನುವಾರ ಅಜ್ಜಿ ಮನೆಗೆ ಹೋಗ್ತೇನೆ, ಅಜ್ಜಿಗೆ ಈಗ ಕಣ್ಣು ಅಷ್ಟು ಕಾಣೋದಿಲ್ಲ. ಮೊದ್ಲು ಬನ್ಯನ್‌ದು ಸ್ವಲ್ಪ, ಆಮೇಲೆ ಎಡ್ವರ್ಡ್ ಬರೋದು ಸ್ವಲ್ಪ, ಅರ್ಥ ಆದಷ್ಟು ಕನ್ನಡದಲ್ಲಿ ಹೇಳ್ತಾ ಓದ್ತೇನೆ, ಅವರು ಯಾರ ಕಡೆ ಅಂತ ಬಂದು ಹೇಳ್ತೇನೆ.